ಮುಗಿದವರ ಕುರ್ಚಿ

ನಮ್ಮೂರಿನಲ್ಲಿ ಕ್ಯಾಮೆರಾ ಕೊಂಡವರು ಜೊತೆಗೆ ಒಂದು ಗಂಟೆಯನ್ನೂ ಕೊಳ್ಳಬೇಕು, ಎತ್ತಿನ ಕೊರಳಿಗೆ ಕಟ್ಟುವಂಥದನ್ನು. ಕ್ಯಾಮೆರಾವನ್ನು ಕಣ್ಣಿಗೆ ಏರಿಸುವ ಮೊದಲು ಗಂಟೆ ಅಲ್ಲಾಡಿಸಬೇಕು, ಎದುರಿಗಿರುವವರೆಲ್ಲ ಸರಿದುಹೋಗುವ ತನಕ ಕಾಯಬೇಕು, ಆಮೇಲಷ್ಟೇ ಗುಂಡಿ ಒತ್ತಬೇಕು. ಗಂಟೆಯ ಸದ್ದು ಕೇಳಿದರೆ ಸಾಕು, ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಂಡು ಬಾಗಿಲು ಹಾಕುತ್ತಾರೆ, ಸೊಪ್ಪಿನವರು ಬುಟ್ಟಿ ಬಿಟ್ಟು ಗೋಡೆಯ ಮರೆಗೆ ಓಡುತ್ತಾರೆ. ಏಕೆಂದರೆ ಇಲ್ಲಿ ಯಾರೇ ಆಗಲಿ ಫೋಟೋದಲ್ಲಿ ಬೀಳುವುದು ಜನ್ಮಕ್ಕೆ ಒಂದೇ ಸಲ. ಎರಡನೆಯ ಸಲ ತೆಗೆದರೆ ಕೂತ ಕುರ್ಚಿ ಬರುತ್ತದೆ, ಹಿಂದಿನ ಪರದೆ ಬರುತ್ತದೆ, ಮನುಷ್ಯ ಬರುವುದಿಲ್ಲ. ಉಸಿರು ಹೋದ ಮೇಲೆ ತೆಗೆದರೂ ಬರುವುದಿಲ್ಲ. ಪರ ಊರಿಗೆ ಹೋಗಿ ತೆಗೆಸಿಕೊಂಡು ನೋಡಿದವರೂ ಇದ್ದಾರೆ. ಅಲ್ಲಿಂದಲೂ ಖಾಲಿ ಕುರ್ಚಿಯನ್ನೇ ತಂದರು.

ಹಾಗಾಗಿ ಆ ಒಂದನ್ನು ಯಾವಾಗ ಖರ್ಚು ಮಾಡಬೇಕೆನ್ನುವುದು ಎಲ್ಲ ಮನೆಗಳಲ್ಲೂ ಮುಗಿಯದ ಚರ್ಚೆ. ನನ್ನ ಅಮ್ಮ ಮದುವೆಗೆ ಮೊದಲೇ, ವರನ ಕಡೆಯವರಿಗೆ ತೋರಿಸಲೆಂದು ತೆಗೆಸಿಕೊಂಡಿದ್ದಳು. ಗೋಡೆಯ ಮೇಲಿರುವ ಆ ಎರಡು ಜಡೆಯ ಹುಡುಗಿಗೆ ನಾನು ಹೂವೇನೋ ಮುಡಿಸುತ್ತೇನೆ, ಆದರೆ ನನ್ನನ್ನು ಬೈದು ಬೆಳೆಸಿದವಳು ಅವಳಲ್ಲ. ಅಪ್ಪ ಇದಕ್ಕೆ ತದ್ವಿರುದ್ಧ. ಇವತ್ತು ಬೇಡ, ನಾಳೆ ಎಂದು ಕೂಡಿಟ್ಟುಕೊಂಡೇ ಬಂದು ಒಂದು ದಿನ ಕೆರೆ ಏರಿಯ ಮೇಲೆ ಕಾಲು ಜಾರಿ ಹೋಗಿಬಿಟ್ಟ. ಅವನ ಚೌಕಟ್ಟಿನಲ್ಲಿ ಬರೀ ಬಿಳಿ ಹಾಳೆಯಿದೆ. ಪದ್ಧತಿ ಹಾಗೆ, ಫೋಟೋದಲ್ಲಿ ಬೀಳದೆ ಸತ್ತವರಿಗೆ ಬಿಳಿ ಹಾಳೆಗೇ ಕಟ್ಟು ಹಾಕಿಸಿ ಹಾರ ಹಾಕುತ್ತೇವೆ. ಚಿಕ್ಕಂದಿನಲ್ಲಿ ಆ ಹಾಳೆಯನ್ನು ನೋಡಿದರೆ ನನಗೆ ಭಯವಾಗುತ್ತಿತ್ತು. ಈಗಲೂ ಆಗುತ್ತದೆ.

ನನ್ನ ಗಂಡ ಶಂಭಯ್ಯ ಪೇಟೆಯ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುತ್ತಿದ್ದರು. ಮದುವೆ ಮುಂಜಿಗೆ ಕೊಡುವ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು, ದಿನಾಂಕ, ಬೇಕಾದರೆ ಒಂದು ಹೂಬಳ್ಳಿ. ನಾನು ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದೆ. ನಮ್ಮ ಮದುವೆಯ ದಿನ ಹಿರಿಯರು ಫೋಟೋಕ್ಕೆಂದು ಕುರ್ಚಿ ಹಾಕಿಸಿದಾಗ ಇವರು ಕೂರಲೇ ಇಲ್ಲ. "ಅವಸರ ಯಾಕೆ? ನಾಳೆ ಒಂದು ಮಗು ಆಗ್ಲಿ, ಮೂರೂ ಜನ ಒಟ್ಟಿಗೆ ಕೂರೋಣ" ಎಂದರು. ಮದುಮಗಳಾದ ನನಗೆ ನಾಚಿಕೆಯಾಗಿ ತಲೆ ತಗ್ಗಿಸಿದ್ದೆ. ಮಗು ಆಗಲಿಲ್ಲ. ಕೆಲವು ವರ್ಷ ಕಾದು, ಆಮೇಲೆ ಆ ಮಾತನ್ನು ಇಬ್ಬರೂ ಎತ್ತುವುದನ್ನು ಬಿಟ್ಟೆವು. ಆದರೂ ಇಬ್ಬರೇ ಆದರೂ ಸರಿ, ಒಂದೇ ಚೌಕಟ್ಟಿನಲ್ಲಿ ಕೂರಬೇಕೆಂಬುದು ನಮ್ಮಿಬ್ಬರಲ್ಲೂ ಉಳಿದಿತ್ತು.

ಕೂದಲು ನರೆಯುವ ವಯಸ್ಸಿನಲ್ಲಿ ನನಗೆ ಫೋಟೋ ತೆಗೆಯುವ ಹುಚ್ಚು ಹಿಡಿಯಿತು. ಸಂಜೆ ಹೊತ್ತು ಮನೆ ಬಿಕೋ ಅನ್ನುತ್ತಿತ್ತು, ಮಿಷನ್ನಿನ ಸದ್ದು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಹಳೆಯದೊಂದು ಕ್ಯಾಮೆರಾ ಕೊಂಡು ತಂದ ದಿನ ಬೀದಿಯವರು ನಕ್ಕರು, ನಮ್ಮವರು ನಗಲಿಲ್ಲ. "ಮೊದಲ್ನೇ ಫೋಟೋ ಕಣೇ, ಒಳ್ಳೇದನ್ನೇ ತೆಗೀಬೇಕು" ಎಂದು ಅಟ್ಟದ ಮೇಲಿದ್ದ ಹಿತ್ತಾಳೆ ಬಿಂದಿಗೆಯನ್ನು ಇಳಿಸಿದರು. ಅದು ನಮ್ಮತ್ತೆಯದು. ಅವರ ಹೆಸರನ್ನು ಇವರೇ ಕೆಲಸ ಕಲಿಯುವಾಗ ಅದರ ಮೇಲೆ ಕೊರೆದಿದ್ದರು. ಹುಣಸೆಹಣ್ಣು ಹಾಕಿ ಬೆಳಗಿ, ಹಿತ್ತಿಲ ಒಗೆಯುವ ಕಲ್ಲಿನ ಮೇಲೆ ಸಂಜೆ ಬಿಸಿಲು ಬೀಳುವ ಹಾಗೆ ಇಟ್ಟರು. ನಾನು ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಅವರು ನನ್ನ ಬೆನ್ನ ಹಿಂದೆ ನಿಂತು ಗಂಟೆ ಬಾರಿಸಿದರು. ಎದುರಿಗೆ ಯಾರೂ ಇರಲಿಲ್ಲ, ಕಾಂಪೌಂಡಿನ ಮೇಲಿದ್ದ ಕಾಗೆಯೊಂದು ಹಾರಿತು. ಅದನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ, ನನಗೂ ತಡೆಯಲಾಗಲಿಲ್ಲ. ನಗುತ್ತಲೇ ಒತ್ತಿದೆ.

ಭಾನುವಾರ ಬೆಳಿಗ್ಗೆ ಜಿನ್ನಪ್ಪ ಮೇಷ್ಟ್ರ ಸ್ಟುಡಿಯೋದಲ್ಲಿ ಪಾಠ. ಅವರು ಶಾಲೆಯ ಮೇಷ್ಟ್ರಲ್ಲ, ಸ್ಟುಡಿಯೋದ ಮಾಲೀಕರು. ಕಲಿಸುತ್ತಾರೆಂದು ಎಲ್ಲರೂ ಹಾಗೆ ಕರೆಯುತ್ತಾರೆ. ಕಲಿಯುವವರ ಕೈಗೆ ಹಸಿ ಮುಖ ಕೊಡಲಾಗುವುದಿಲ್ಲವಲ್ಲ, ಅದಕ್ಕೆ ಅಲ್ಲೊಂದು ಬೆತ್ತದ ಕುರ್ಚಿ ಇತ್ತು. ಆಗಲೇ ಫೋಟೋದಲ್ಲಿ ಬಿದ್ದವರನ್ನು ನಾವು ಮುಗಿದವರು ಅನ್ನುತ್ತೇವೆ. ಅಂಥವರನ್ನೇ ಅದರಲ್ಲಿ ಕೂರಿಸುತ್ತಿದ್ದರು. ನನ್ನ ಕಾಲಕ್ಕೆ ಕೂರುತ್ತಿದ್ದವಳು ಕಡಲೆಕಾಯಿ ಮಾರುವ ಕೆಂಪಕ್ಕ. ಕಾಫಿ, ಉಪ್ಪಿಟ್ಟು ಕೊಟ್ಟರೆ ಮಧ್ಯಾಹ್ನದ ತನಕ ಕದಲುತ್ತಿರಲಿಲ್ಲ. ನಾವು ಅವಳ ಕಣ್ಣಿಗೆ ಲೆನ್ಸು ತಿರುಗಿಸಿ ತಿರುಗಿಸಿ ಹದ ಮಾಡುತ್ತಿದ್ದೆವು, ಕಿಟಕಿಯ ಬೆಳಕು ಯಾವ ಕೆನ್ನೆಗೆ ಬಿದ್ದರೆ ಯಾವ ಕೆನ್ನೆ ಮಂಕಾಗುತ್ತದೆಂದು ನೋಡುತ್ತಿದ್ದೆವು. ಅವಳ ಎಡಗಿವಿಯ ತೂತು ಓಲೆಯ ಭಾರಕ್ಕೆ ಹರಿದಿತ್ತು. ಮೂಗಿನ ಬಲಪಕ್ಕದಲ್ಲಿ ಸಾಸಿವೆಯಷ್ಟು ನರಹುಲಿ ಇತ್ತು. ಪ್ರಿಂಟಿನಲ್ಲಿ ಇದ್ಯಾವುದೂ ಬರುತ್ತಿರಲಿಲ್ಲ, ಕುರ್ಚಿ ಮಾತ್ರ ಬರುತ್ತಿತ್ತು. ಮೇಷ್ಟ್ರು ಅದನ್ನೇ ಬೆಳಕಿಗೆ ಹಿಡಿದು, "ಬೆತ್ತದ ಹೆಣಿಗೆ ಚೆನ್ನಾಗಿ ಬಂದಿದೆ ಪಂಕಜಮ್ಮ, ಅಂದ್ರೆ ಕೆಂಪಕ್ಕನ ಮುಖ ಮಸುಕಾಯ್ತು. ಮುಖ ಇನ್ನೂ ಮುಂದಕ್ಕಿತ್ತಲ್ಲ" ಎನ್ನುತ್ತಿದ್ದರು.

ಎರಡನೆಯ ಪಾಠದಲ್ಲೋ ಮೂರನೆಯದರಲ್ಲೋ ಅವರು ಹೊಳೆಯುವ ವಸ್ತುಗಳ ಮಾತು ತೆಗೆದರು. "ಕನ್ನಡಿ ಮುಂದೆ ಯಾರೂ ಕ್ಯಾಮೆರಾ ಹಿಡಿಯಲ್ಲ, ಅದು ಎಲ್ಲರಿಗೂ ಗೊತ್ತು. ಆದ್ರೆ ನೀರು? ಚಮಚ? ಅಂಗಡಿ ಗಾಜು? ನಾನು ಎಮ್ಮೆ ಫೋಟೋ ತೆಗೆಯೋಕೆ ಹೋಗಿ ಬಾನಿ ನೀರಲ್ಲಿ ನನ್ನ ನೆರಳು ಬಂದು ಫೋಟೋದಲ್ಲಿ ನಾನೇ ಬಿದ್ದೆ. ಅದೂ ಅರ್ಧ ತಲೆ. ನಾಳೆ ನನ್ನ ಮಕ್ಕಳು ಎಮ್ಮೆಗೇ ಹಾರ ಹಾಕ್ಬೇಕು" ಎಂದರು. ಎಲ್ಲರೂ ನಕ್ಕರು. ನನಗೆ ಒಗೆಯುವ ಕಲ್ಲಿನ ಮೇಲೆ ಹೊಳೆಯುತ್ತಿದ್ದ ಬಿಂದಿಗೆ ನೆನಪಾಯಿತು. ಪಾಠ ಮುಗಿದ ಮೇಲೆ ಹಿಂದೆ ಉಳಿದು ನನ್ನ ಮೊದಲ ರೀಲಿನ ಗತಿ ಏನಾಯಿತೆಂದು ಕೇಳಿದೆ. ಅದನ್ನು ತೊಳೆಯಲು ಅವರಿಗೇ ಕೊಟ್ಟಿದ್ದೆವು, ನಮ್ಮವರು ಅಂಗಡಿಯಿಂದ ಬರುವಾಗ ಇಸಿದುಕೊಳ್ಳುವ ಮಾತಾಗಿತ್ತು. ಮೇಷ್ಟ್ರು ಒದ್ದೆ ತಟ್ಟೆಗಳನ್ನು ಜೋಡಿಸುತ್ತಾ, "ಅದು ಬೆಳಕು ಬಿದ್ದು ಹಾಳಾಗಿತ್ತಮ್ಮ. ಏನೂ ಬರ್ಲಿಲ್ಲ" ಎಂದರು. ಮನೆಯಲ್ಲಿ ಕೇಳಿದರೆ ನಮ್ಮವರೂ, "ರೀಲು ಪೂರ್ತಿ ಕಪ್ಪಾಗಿತ್ತು ಕಣೇ, ಅಲ್ಲೇ ಎಸೆದು ಬಂದೆ" ಎಂದು ಹೆಸರು ಕೊರೆಯುವ ಚಾಣದ ಮೊನೆ ಮಸೆಯತೊಡಗಿದರು. ಬದುಕಿದೆ ಅಂದುಕೊಂಡೆ. ಕೆಲಸ ಕೆಟ್ಟಿದ್ದಕ್ಕೆ ನಾನು ದೇವರಿಗೆ ದೀಪ ಹಚ್ಚಿದ್ದು ಅದೊಂದೇ ಸಲ.

ಆಷಾಢದಲ್ಲಿ ಅವರಿಗೆ ಊಟ ಸೇರದಾಯಿತು. ಆಮೇಲೆ ಕಣ್ಣು ಹಳದಿಗಟ್ಟಿತು, ಪಾದ ಊದಿಕೊಂಡಿತು. ದೊಡ್ಡಾಸ್ಪತ್ರೆಯ ಡಾಕ್ಟರು ಅವರನ್ನು ಹೊರಗೆ ಕೂರಿಸಿ ನನ್ನೊಬ್ಬಳನ್ನೇ ಕರೆದು, ಯಕೃತ್ತಿನಲ್ಲಿ ಗೆಡ್ಡೆ ಬೆಳೆದಿದೆ, ಮಾಡುವುದು ಹೆಚ್ಚೇನಿಲ್ಲ ಎಂದರು. ನಮ್ಮವರದು ತುಂಬಿದ ಮುಖ. ನಕ್ಕರೆ ಕಣ್ಣು ಮುಚ್ಚಿಹೋಗುವಷ್ಟು ಕೆನ್ನೆ. ಮನೆಗೆ ಬಂದ ದಿನವೇ ನಾನು, "ರೀ, ಈ ವಾರವೇ ಕೂತುಬಿಡೋಣ" ಎಂದೆ.

"ಇನ್ನೂ ಕಲೀತಾ ಇದೀಯ. ಕೈ ನಡುಗುತ್ತೆ ನಿಂಗೆ" ಎಂದರು.

"ಜಿನ್ನಪ್ಪ ಮೇಷ್ಟ್ರ ಕೈಲಿ ತೆಗೆಸೋಣ ಹಾಗಾದ್ರೆ."

"ಅದೆಲ್ಲ ಬೇಡ. ನೀನೇ ತೆಗೀಬೇಕು. ಕಲಿ ಮೊದ್ಲು. ಅಷ್ಟರಲ್ಲಿ ನಂಗೂ ಕೆನ್ನೆ ತುಂಬ್ಕೊಳ್ಳುತ್ತೆ."

ಆ ಮಾತು ನನಗೆ ಹಿಡಿಸಿತು. ಸುಳ್ಳೇಕೆ ಹೇಳಲಿ, ನನಗೂ ಹೆದರಿಕೆಯಿತ್ತು. ಇರುವುದೊಂದು, ಅದರಲ್ಲಿ ಕೈ ಅಲುಗಿದರೆ? ಹಾಗಾಗಿ ಮೈಮೇಲೆ ದೇವರು ಬಂದವಳಂತೆ ಕಲಿಯಲು ನಿಂತೆ. ಭಾನುವಾರ ಸಾಲದೆ ವಾರದ ದಿನಗಳಲ್ಲೂ ಸ್ಟುಡಿಯೋಕ್ಕೆ ಹೋದೆ. ಗಂಜಿ ಮಾಡಿ ಮುಚ್ಚಿಟ್ಟು, ಮಾತ್ರೆ ತಟ್ಟೆಯಲ್ಲಿಟ್ಟು ಹೊರಟರೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಕೆಂಪಕ್ಕನನ್ನು ಬೆಳಗಿನ ಬೆಳಕಿನಲ್ಲಿ ನೋಡಿದೆ, ಮೋಡದ ಬೆಳಕಿನಲ್ಲಿ ನೋಡಿದೆ, ಬಿಳಿ ಬಟ್ಟೆ ಹಿಡಿದು ಅವಳ ಗಲ್ಲದ ಕೆಳಗಿನ ನೆರಳು ತೆಗೆಯುವುದನ್ನು ಕಲಿತೆ. ಕತ್ತಲೆ ಕೋಣೆಯಲ್ಲಿ ದೀಪ ಆರಿಸಿ ರೀಲು ತೊಳೆಯುವುದನ್ನೂ, ಕೆಂಪು ದೀಪದಲ್ಲಿ ಪ್ರಿಂಟು ಹಾಕುವುದನ್ನೂ ಕಲಿತೆ. ಕಾರ್ತಿಕ ಬರುವ ವೇಳೆಗೆ ಮೇಷ್ಟ್ರು, "ಇನ್ನು ನಿಮಗೆ ಹೇಳಿಕೊಡೋಕೆ ನನ್ನ ಹತ್ರ ಏನಿಲ್ಲ" ಎಂದರು. ಹೇಳುವಾಗ ಅವರ ಮುಖದಲ್ಲಿ ಸಂತೋಷವಿರಲಿಲ್ಲ, ನಾನದನ್ನು ಹೊಟ್ಟೆಕಿಚ್ಚು ಅಂದುಕೊಂಡೆ. ಅಷ್ಟು ಹೊತ್ತಿಗೆ ನಮ್ಮವರ ಕೆನ್ನೆ ಒಳಗೆ ಸೇರಿಹೋಗಿತ್ತು.

ನನ್ನ ನಾದಿನಿ ಸಾಕಮ್ಮ ಅಣ್ಣನನ್ನು ನೋಡಲು ಬಂದವಳು ಅಡುಗೆಮನೆಗೆ ಬಂದು ನನ್ನ ಮೇಲೆ ಬಿದ್ದಳು. "ಮನೇಲಿ ಕ್ಯಾಮೆರಾ ಇಟ್ಕೊಂಡು ಊರಿನ ಕುರ್ಚಿ ಮೇಜು ಎಲ್ಲಾ ತೆಗೀತೀಯಲ್ಲ ಅತ್ತಿಗೆ, ನಮ್ಮಣ್ಣನ್ನ ಒಂದು ಸಲ ಕೂರಿಸೋಕೆ ನಿಂಗೆ ಪುರುಸೊತ್ತಿಲ್ವಾ? ಬಿಳಿ ಹಾಳೆ ಮಾಡಿ ಕಳಿಸ್ತೀಯಾ ಅವನ್ನ?"

ನನಗೆ ಕೆನ್ನೆಗೆ ಹೊಡೆದಂತಾಯಿತು. ಮಾರನೆಯ ಬೆಳಿಗ್ಗೆ ಅವರಿಗೆ ಗಂಜಿ ಕುಡಿಸುತ್ತಾ, "ನಿಮಗೆ ನನ್ನ ಪಕ್ಕ ಕೂರೋಕೆ ಇಷ್ಟ ಇಲ್ವಾ? ಅದನ್ನಾದ್ರೂ ಬಾಯಿಬಿಟ್ಟು ಹೇಳಿ" ಎಂದು ಜಗಳ ತೆಗೆದೆ. ಅವರು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಏನೋ ಹೇಳಲು ಹೊರಟು, ಬಿಟ್ಟರು. "ನಾಳೆ ಕೂರೋಣ ಬಿಡು" ಎಂದರು.

ಜಗುಲಿಯಲ್ಲಿ ಎಳೆ ಬಿಸಿಲು ಬರುವ ಹೊತ್ತಿಗೆ ಬೆಂಚು ಹಾಕಿದೆ, ಮೇಲೆ ಹೊಸ ಚಾಪೆ. ಅವರಿಗೆ ಗಡ್ಡ ಹೆರೆದು, ತಲೆ ಬಾಚಿ, ದೀಪಾವಳಿಯ ಅಂಗಿ ತೊಡಿಸಿದೆ. ಅದು ಜೋತಾಡುತ್ತಿತ್ತು, ಬೆನ್ನ ಹಿಂದೆ ಮಡಿಕೆ ಹಿಡಿದು ಪಿನ್ನು ಹಾಕಿ ಮುಂದಿನಿಂದ ಮೈ ತುಂಬಿದಂತೆ ಕಾಣುವ ಹಾಗೆ ಮಾಡಿದೆ. ಬೆಳಕು ನೋಡಿದೆ, ದೂರ ನೋಡಿದೆ. ಎಲ್ಲವೂ ಕಲಿತ ಹಾಗೇ ಇತ್ತು. ಕ್ಯಾಮೆರಾ ಸ್ಟ್ಯಾಂಡಿನ ಮೇಲಿತ್ತು, ಟೈಮರ್ ತಿರುಗಿಸಿದರೆ ತಾನೇ ತೆಗೆದುಕೊಳ್ಳುತ್ತಿತ್ತು. ಸಾಕಮ್ಮ ಹೊಸಿಲಾಚೆ ನಿಂತು ಗಂಟೆ ಬಾರಿಸಿದಳು. ನಾನು ಓಡಿ ಬಂದು ಅವರ ಪಕ್ಕ ಕೂತೆ. ಅವರು ನನ್ನ ಕೈ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು.

"ಅಲ್ಲಿ ನೋಡ್ರೀ, ಕ್ಯಾಮೆರಾ ನೋಡಿ" ಎಂದು ಗದರಿದೆ.

"ಎಲ್ಲಿ ನೋಡಿದ್ರೇನು ಬಿಡೇ" ಎಂದರು. ಅಷ್ಟರಲ್ಲಿ ಅದು ಟಕ್ ಎಂದಿತು.

ಆ ವಾರ ಕಳೆಯಲಿಲ್ಲ. ಹಾಲು ಕುಡಿಸಲು ಎತ್ತಿ ಕೂರಿಸಿದಾಗ ನನ್ನ ತೋಳಿನ ಮೇಲೆಯೇ ಹೋದರು. ಅಳು ಬಂದರೂ ಒಳಗೆ ಎಲ್ಲೋ ಒಂದು ಸಮಾಧಾನವಿತ್ತು: ಬಿಳಿ ಹಾಳೆ ಆಗಲು ಬಿಡಲಿಲ್ಲ, ಒಟ್ಟಿಗೇ ಬಿದ್ದೆವು ಎಂದು. ವೈಕುಂಠ ಸಮಾರಾಧನೆಯ ಹೊತ್ತಿಗೆ ಫೋಟೋ ಬೇಕಿತ್ತು. ಹಿಂದಿನ ದಿನ ನಾನೇ ಸ್ಟುಡಿಯೋಕ್ಕೆ ಹೋದೆ. ಮೇಷ್ಟ್ರು, "ನಾನು ಮಾಡಿಕೊಡ್ತೀನಿ, ನೀವು ಮನೇಲಿರಿ ಅಮ್ಮ" ಎಂದು ಎರಡು ಮೂರು ಸಲ ಹೇಳಿದರು. ಕೇಳದೆ ಕತ್ತಲೆ ಕೋಣೆಗೆ ನುಗ್ಗಿ, ತೊಳೆದ ರೀಲನ್ನು ಬೆಳಕಿಗೆ ಹಿಡಿದೂ ನೋಡದೆ ಪ್ರಿಂಟಿಗೆ ಇಟ್ಟೆ.

ಕೆಂಪು ದೀಪದ ಕೆಳಗೆ, ತಟ್ಟೆಯ ನೀರಿನಲ್ಲಿ ಮೊದಲು ಬಾಗಿಲ ಚೌಕಟ್ಟು ಮೂಡಿತು. ಆಮೇಲೆ ಬೆಂಚಿನ ಕಾಲು. ಆಮೇಲೆ ಚಾಪೆಯ ಒಂದೊಂದು ಎಳೆ. ಮುಖಗಳು ತಿಳಿ ಬಣ್ಣದವು, ನಿಧಾನವಾಗಿ ಬರುತ್ತವೆಂದು ಕಾದೆ. ತಟ್ಟೆ ಅಲ್ಲಾಡಿಸುತ್ತಾ ಕಾದೆ. ಬೆಂಚಿನ ಹಿಂದಿನ ಗೋಡೆಯ ಸುಣ್ಣದ ಬಿರುಕೂ ಬಂತು, ನಾವು ಬರಲಿಲ್ಲ. ಅವರೂ ಇಲ್ಲ, ನಾನೂ ಇಲ್ಲ. ಅಷ್ಟು ಚೊಕ್ಕ ಪ್ರಿಂಟನ್ನು ನಾನು ಅಲ್ಲಿಯವರೆಗೆ ತೆಗೆದಿರಲಿಲ್ಲ.

ಹೊರಗೆ ಬಂದು ಒದ್ದೆ ಹಾಳೆಯನ್ನು ಮೇಷ್ಟ್ರ ಮೇಜಿನ ಮೇಲೆ ಇಟ್ಟೆ. ಅವರು ಅದನ್ನು ನೋಡಲಿಲ್ಲ. ಎದ್ದು ಬೀರು ತೆಗೆದು ಅಂಗೈಯಗಲದ ಒಂದು ಪ್ರಿಂಟು ತಂದು ನನ್ನ ಮುಂದಿಟ್ಟರು. ಒಗೆಯುವ ಕಲ್ಲು, ಅದರ ಮೇಲೆ ಬಿಂದಿಗೆ. ಕೊರೆದ ಅಕ್ಷರಗಳಲ್ಲಿ ಅತ್ತೆಯ ಹೆಸರು ಓದುವಂತಿತ್ತು. ಬಿಂದಿಗೆಯ ಹೊಟ್ಟೆಯಲ್ಲಿ ಕುಕ್ಕರಗಾಲಿನಲ್ಲಿ ಕೂತ ಒಂದು ಹೆಂಗಸಿನ ಆಕಾರ. ಅವಳ ಮುಖವಿರಬೇಕಾದ ಕಡೆ ಕ್ಯಾಮೆರಾದ ಕಪ್ಪು. ಅವಳ ಭುಜದ ಹಿಂದೆ ಅವರೆಕಾಳಿನಷ್ಟು ಬಿಳುಪು, ಪಕ್ಕದಲ್ಲಿ ಎತ್ತಿ ಹಿಡಿದ ಗಂಟೆ. ಗಂಟೆ ಮಾತ್ರ ಸ್ಪಷ್ಟವಾಗಿತ್ತು.

"ಅವತ್ತು ಇಸ್ಕೊಳ್ಳೋಕೆ ಬಂದವರು ಇದನ್ನ ನೋಡಿ ಆ ಮೆಟ್ಟಿಲ ಮೇಲೆ ಕೂತ್ಬಿಟ್ರು" ಎಂದರು ಮೇಷ್ಟ್ರು. "ಬಿಂದಿಗೆ ಬೆಳಗಿದ್ದು ನಾನು, ಅಲ್ಲಿಟ್ಟಿದ್ದು ನಾನು, ಅವಳಿಗೆ ಹೇಳ್ಬೇಡಿ ಅಂದ್ರು. ಗೊತ್ತಾದ್ರೆ ಕ್ಯಾಮೆರಾನ ಬಾವಿಗೆ ಹಾಕ್ತಾಳೆ, ಮದುವೆ ಆದಾಗಿಂದ ತನಗೆ ಅಂತ ಆಸೆಪಟ್ಟು ತಗೊಂಡಿದ್ದು ಅದೊಂದೇ, ಇನ್ನೊಂದು ಸ್ವಲ್ಪ ದಿನ ಹೋಗ್ಲಿ, ನಾನೇ ಹೇಳ್ತೀನಿ ಅಂದ್ರು. ಕಾಯಿಲೆ ಬಿದ್ಮೇಲೂ ನಾನು ಹೋಗಿ ಕೇಳ್ದೆ. ಅವಳು ಕಲೀತಿರೋದು ನಮ್ಮಿಬ್ಬರ ಫೋಟೋಕ್ಕೆ ಅಂತ್ಲೇ, ಈಗ ಹೇಳಿದ್ರೆ ಕುಸಿದುಹೋಗ್ತಾಳೆ ಅಂದ್ರು. ನನಗೂ ಧೈರ್ಯ ಬರ್ಲಿಲ್ಲ ತಾಯಿ."

ನಾನು ಅಲ್ಲಿ ಅಳಲಿಲ್ಲ. ಮೈಯೆಲ್ಲ ಉರಿದುಹೋಯಿತು. "ಧೈರ್ಯ ಬರ್ಲಿಲ್ವಾ? ಇಡೀ ಮಳೆಗಾಲ ಅವರನ್ನ ಒಬ್ಬರನ್ನೇ ಮಲಗಿಸಿ ಇಲ್ಲಿ ಬಂದು ಕೆಂಪಕ್ಕನ್ನ ನೋಡ್ತಾ ನಿಂತಿದ್ನಲ್ಲ ಮೇಷ್ಟ್ರೇ. ಫೋಟೋ ಬರಲ್ಲ ಅಂತ ಗೊತ್ತಿದ್ರೆ ಮನೇಲಿ ಕೂತು ಅವರ ಮುಖಾನೇ ನೋಡ್ತಿದ್ದೆ" ಎಂದು ಕೂಗಿದೆ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಕೆಂಪಕ್ಕ ತನ್ನ ಕುರ್ಚಿಯಿಂದ ಎದ್ದು ಬಂದು ನನ್ನ ತೋಳು ಹಿಡಿದಳು. ಅವಳ ಕೈಯನ್ನು ಕೊಡವಿಬಿಟ್ಟೆ. ಪಾಪ, ಅವಳೇನು ಮಾಡಿದ್ದಳು? ನಮ್ಮವರ ಮೇಲೂ ಅಷ್ಟೇ ಸಿಟ್ಟು ಬಂತು. ನನ್ನ ಮನಸ್ಸು ನೋಯಬಾರದೆಂದು ನನ್ನಿಂದ ತಮ್ಮನ್ನೇ ದೂರ ಇಟ್ಟುಕೊಂಡರಲ್ಲ. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮೇಷ್ಟ್ರು ಆ ಬಿಂದಿಗೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ತಟ್ಟೆಯಗಲ ಮಾಡಿದಾಗ ಅವರೆಕಾಳು ನಿಂಬೆಹಣ್ಣಿನಷ್ಟಾಯಿತು, ಅದರಲ್ಲಿ ಬಾಯಿ ಇರಬೇಕಾದಲ್ಲಿ ಒಂದು ಗೀರು ಕಂಡಿತು. ನಗು ಇರಬಹುದು. ಇನ್ನೂ ದೊಡ್ಡದು ಮಾಡಿದರೆ ಬರೀ ರವೆ ರವೆ. ದೊಡ್ಡದು ಮಾಡಿದಷ್ಟೂ ಅವರು ಕರಗುತ್ತಿದ್ದರು. ಸಾಕು ಮಾಡಿ ಎಂದೆ. ಸಣ್ಣದಕ್ಕೇ ಕಟ್ಟು ಹಾಕಿಸಿ ಗೋಡೆಗೆ ತೂಗಿಹಾಕಿದೆ. ಸಮಾರಾಧನೆಗೆ ಬಂದವರು ಕೈ ಮುಗಿಯಲು ಹೋಗಿ, ಬಿಂದಿಗೆ ನೋಡಿ, ನನ್ನ ಮುಖ ನೋಡಿ, ಊಟಕ್ಕೆ ಕೂತರು.

ಆಮೇಲೆ ವರ್ಷಗಳು ಕಳೆದಿವೆ. ಕೆಂಪಕ್ಕ ಹೋದಳು, ಭಾನುವಾರಗಳಲ್ಲಿ ಈಗ ಆ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಕಲಿಯಲು ಬಂದವರು ನನ್ನ ಕಣ್ಣಿಗೆ ಲೆನ್ಸು ತಿರುಗಿಸುತ್ತಾರೆ, ಸ್ವಲ್ಪ ಗಲ್ಲ ಎತ್ತಿ ಅಮ್ಮ ಎನ್ನುತ್ತಾರೆ, ಎತ್ತುತ್ತೇನೆ. ಆಸ್ಪತ್ರೆಯಿಂದ ಯಾರಾದರೂ ಓಡಿ ಬಂದರೆ ಮೇಷ್ಟ್ರು ನನ್ನನ್ನೇ ಕಳಿಸುತ್ತಾರೆ. ಹೋಗುವ ಜೀವಗಳ ಮುಖ ಹಿಡಿಯುವುದರಲ್ಲಿ ನನ್ನಷ್ಟು ಗಟ್ಟಿ ಕೈ ಈಗ ಊರಿನಲ್ಲಿ ಇನ್ನೊಂದಿಲ್ಲ. ಒಂದೂ ಅಲುಗಿಲ್ಲ.

ಮೊನ್ನೆ ಅವರ ತಿಥಿಗೆ ಸಾಕಮ್ಮ ಬಂದಿದ್ದಳು. ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅಣ್ಣನ ಮಾತಾಡುತ್ತಿದ್ದೆವು. ಚಿಕ್ಕಂದಿನಲ್ಲಿ ಕೆಲಸ ಕಲಿಯುವಾಗ ತಾಮ್ರದ ಚೂರು ಸಿಡಿದು ಹುಬ್ಬಿನ ಮೇಲೆ ಗಾಯವಾಗಿತ್ತಲ್ಲ, ಅದರ ಕಲೆಯ ವಿಷಯ ಬಂತು.

"ಬಲಗಡೆ ಹುಬ್ಬು" ಎಂದಳು ಸಾಕಮ್ಮ.

"ಎಡಗಡೆ ಕಣೇ" ಎಂದೆ ನಾನು.

"ನಾನೇ ಅರಿಶಿನ ಒತ್ತಿದ್ದೆ ಅತ್ತಿಗೆ. ಬಲಗಡೆ."

"ಅವರ ಜೊತೆ ಬಾಳಿದವಳು ನಾನು. ಎಡಗಡೆ" ಎಂದು ದನಿ ಏರಿಸಿದೆ. ಇಬ್ಬರೂ ಎದ್ದು ಗೋಡೆಯ ಹತ್ತಿರ ಹೋದೆವು. ಸಾಕಮ್ಮ ಸೆರಗಿನಿಂದ ಗಾಜು ಒರೆಸಿದಳು. ಬಿಂದಿಗೆ, ಅತ್ತೆಯ ಹೆಸರು, ಗಂಟೆ, ಅವರೆಕಾಳಿನಷ್ಟು ಬಿಳುಪು. ಅವಳು ಕಣ್ಣು ಕಿರಿದು ಮಾಡಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಹೋಗಿ ಕೂತಳು.

ನಾನು ಅಲ್ಲೇ ನಿಂತು ಕಣ್ಣು ಮುಚ್ಚಿದೆ. ಎಡಗಡೆ ಎಂದು ಅಷ್ಟು ಗಟ್ಟಿಯಾಗಿ ಹೇಳಿದ್ದೆ, ಈಗ ಬಲಗಡೆಯೇ ಇರಬಹುದೆನ್ನಿಸಿತು. ಮತ್ತೆ ಎಡಗಡೆ ಎನ್ನಿಸಿತು. ಕಣ್ಣು ಬಿಗಿಯಾಗಿ ಮುಚ್ಚಿ ಆ ಮುಖವನ್ನು ಕರೆದೆ. ಬಂದದ್ದು ಹರಿದ ಎಡಗಿವಿ, ಮೂಗಿನ ಬಲಪಕ್ಕದ ನರಹುಲಿ, ಗಲ್ಲದ ಕೆಳಗಿನ ನೆರಳು. ಕೆಂಪಕ್ಕ ಬೆತ್ತದ ಕುರ್ಚಿಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದಳು.